ಫನುವೆಲನ ಕೆಮ್ಮು

ಕೆಮ್ಮು ಮರೆತುಹೋಗಿತ್ತು. ಎಲ್ಲ ರಾಮಾಯಣಕ್ಕೂ ಅದೇ ಮೂಲ.

ನೋಮ್ಯಾಟರ್ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಕೆಮ್ಮಿ ನೋಡಿದ. ಬ್ಯಾಂಕಿನ ಗುಮಾಸ್ತ ಕೆಮ್ಮಿದ ಹಾಗಾಯಿತು. ಮತ್ತೆ ಕೆಮ್ಮಿದ, ಈ ಸಲ ಮೇಕೆ. ನೋಮ್ಯಾಟರ್ ಎಂಬುದು ‘ಪರವಾಗಿಲ್ಲ’ ಎಂಬ ಅರ್ಥ ಬರಲೆಂದು ಅಪ್ಪ ಇಟ್ಟ ಇಂಗ್ಲಿಷ್ ಹೆಸರು. ಮಗನಿಗೋ, ಹುಟ್ಟಿದಾಗಿನಿಂದ ಯಾವುದೂ ಪರವಾಗಿಲ್ಲ ಅನ್ನಿಸಿದ್ದೇ ಇಲ್ಲ.

ಅವತ್ತು ಮಧ್ಯಾಹ್ನ ಅವನ ಗೆಳೆಯ ಫನುವೆಲನ ಮಣ್ಣು. ಅದಕ್ಕೆ ಮುಂಚೆ ಸತ್ತವನ ಕೋಟು ತೊಟ್ಟು, ಅವನ ಹಾಗೇ ನಡೆದು, ಮಾತಾಡಿ, ಅಳುವವರನ್ನು ನಗಿಸಬೇಕಾದವನು ನೋಮ್ಯಾಟರ್. ಆ ಮನೆಗೆ ಅವನು ಸಹ್ವಿರಾ, ಸಾವಿನಲ್ಲೂ ತಮಾಷೆ ಮಾಡುವ ಹಕ್ಕಿರುವ ಕುಲಗೆಳೆಯ; ಅವನಪ್ಪನೂ ಆಗಿದ್ದ. ಸಕುಬ್ವಾ ಬಡಾವಣೆಯಲ್ಲಿ ಪಾದ್ರಿ ಇಲ್ಲದೆ ಮಣ್ಣು ಮಾಡಿಯಾರು, ಸಹ್ವಿರಾ ಇಲ್ಲದೆ ಮಾಡರು. ನಗು ಏಳದಿದ್ದರೆ ಸತ್ತವನನ್ನು ಅನಾಥನ ಹಾಗೆ ಕಳಿಸಿದಂತೆ.

ಫನುವೆಲ್ ಎಂದರೆ ಕೆಮ್ಮು. ಮೊದಲು ಚಳಿಗೆ ಮುದುಡಿದ ಡೀಸೆಲ್ ಎಂಜಿನ್ನಿನ ಹಾಗೆ ಎಳೆದು ನಿಲ್ಲುವುದು, ಮತ್ತೆ ಎಳೆಯುವುದು, ಕೊನೆಗೆ ಹತ್ತಿಕೊಂಡು ಅದೇ ನಗೆಯಾಗಿ ಉರುಳುವುದು. ಬೆಟ್ಟದ ದಾರಿಯ ಬಸ್ಸಿಗೆ ಅವನು ಡ್ರೈವರ್, ನೋಮ್ಯಾಟರ್ ಕಂಡಕ್ಟರ್ ಆಗಿದ್ದ ಕಾಲದಲ್ಲಿ ಹಾರ್ನ್ ಕೆಟ್ಟರೆ ಯಾರೂ ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ಫನುವೆಲ್ ಕೆಮ್ಮಿದರೆ ಸಾಕು, ಚಹಾ ತೋಟದ ಹೆಂಗಸರು ಬುಟ್ಟಿ ಹೊತ್ತು ಓಡಿಬರುತ್ತಿದ್ದರು. ಮಂಜಿನಲ್ಲಿ ಬಸ್ಸು ಕಾಣುವ ಮೊದಲೇ ಅದರ ಡ್ರೈವರ್ ಕೇಳಿಸುತ್ತಿದ್ದ.

ಇಷ್ಟೆಲ್ಲ ನೆನಪಿತ್ತು. ಕೆಮ್ಮು ಮಾತ್ರ ಇಲ್ಲ.

ಬೇಲಿಯಾಚೆಯಿಂದ ರುವಿಂಬೋನ ಅಮ್ಮ ಇಣುಕಿದಳು. ಸಮಾಚಾರ ತಿಳಿದದ್ದೇ ತಡ, ಇದು ಕುಫುಂಗಿಸಿಸಾ, ಅತಿಯಾಗಿ ಯೋಚಿಸುವ ಕಾಯಿಲೆ, ತನ್ನ ಚಿಕ್ಕಪ್ಪ ಇದರಿಂದಲೇ ಅವನದೇ ಮದುವೆಯ ದಿನ ಬೇರೆ ಚರ್ಚಿಗೆ ಹೋಗಿದ್ದ ಎಂದಳು. ಯೋಚಿಸಬೇಡಿ ಅಂತ ಹೇಳಿ, ಯೋಚಿಸದೆ ಇರುವುದು ಹೇಗೆಂದು ಬಹಳ ಹೊತ್ತು ವಿವರಿಸಿದಳು. ಆಮೇಲೆ ತಾನೇ ಫನುವೆಲನ ಹಾಗೆ ಕೆಮ್ಮಿ ತೋರಿಸಿದಳು. ಕುಕ್ಕರಿನ ಸೀಟಿಯಂತಿತ್ತು.

ದಾರಿಯಲ್ಲಿ ಸಿಕ್ಕವರೆಲ್ಲ ಒಂದೊಂದು ಕೆಮ್ಮು ದಾನ ಮಾಡಿದರು. ಸಾವಿನ ಮನೆ ತಲುಪುವಷ್ಟರಲ್ಲಿ ನೋಮ್ಯಾಟರನ ತಲೆ ಕ್ಷಯರೋಗದ ವಾರ್ಡಾಗಿತ್ತು.

ಅಲ್ಲಿದ್ದ ಕ್ಲಿನಿಕ್ಕಿನ ನರ್ಸ್ ಮುಚನೇತಾ ಅವನ ನಾಡಿ ಹಿಡಿದಳು. “ಭಯ ಜಾಸ್ತಿಯಾದ್ರೆ ಮೆದುಳು ಉಗ್ರಾಣದ ಬಾಗಿಲು ಹಾಕ್ಕೊಂಡುಬಿಡುತ್ತೆ ಅಣ್ಣ. ಸಾಮಾನು ಒಳಗೇ ಇರುತ್ತೆ. ಬಡಿದಷ್ಟೂ ತೆರೆಯಲ್ಲ. ಉಸಿರು ಬಿಡಿ, ಸ್ವಲ್ಪ ಸಡ್ಜಾ ಮುದ್ದೆ ತಿನ್ನಿ, ಸುಮ್ಮನಿರಿ.”

ಸುಮ್ಮನಿರಲು ಜೋಸ್ಫಾಟ್ ಬಿಡಬೇಕಲ್ಲ. ಅವನು ಫನುವೆಲನ ಅಣ್ಣ, ನಿವೃತ್ತ ಹೆಡ್‌ಮಾಸ್ಟರು. ಗದ್ದವನ್ನು ಕತ್ತಿನೊಳಗೆ ಎಳೆದುಕೊಂಡು, ಬೆರಳನ್ನು ಕಡ್ಡಿಯಂತೆ ಆಡಿಸುತ್ತ ಹಿಂದೆ ಮುಂದೆ ಸುತ್ತಿದ. ಟೋಪಿ ಓರೆ ಇರಲಿ, ಎಡಗಾಲು ಎಳೆ, ಬೆವರಬೇಡ. “ನಮ್ಮ ಮನೆ ಮಾನ ನಿನ್ನ ಗಂಟಲಲ್ಲಿದೆ ಕಣಯ್ಯ” ಅಂದ. ಇದ್ದಬದ್ದ ಗಂಟಲೂ ಒಣಗಿತು.

ಡೋಲು ನಿಂತಿತು. ಗೆಳೆಯನ ಕೋಟಿನೊಳಗೆ ನೋಮ್ಯಾಟರ್ ನಿಂತಿದ್ದ. ಅಂಗಳ ತುಂಬ ಒದ್ದೆ ಕಣ್ಣುಗಳು, ಕೆಮ್ಮಿಗಾಗಿ ಕಾದವು. ಬಾಯಿ ತೆರೆದ. ಏನೂ ಬರಲಿಲ್ಲ. ಇನ್ನೂ ತೆರೆದ. ಆಗ ಗದ್ದ ತಾನಾಗಿ ಕತ್ತಿನೊಳಗೆ ಹೋಯಿತು, ಬೆರಳು ಕಡ್ಡಿಯಾಯಿತು, ಮೂಗಿನಿಂದ ಹೊರಟಿತು ದನಿ:

“ಫನುವೆಲ್, ಟೋಪಿ ನೆಟ್ಟಗೆ ಹಾಕ್ಕೊ. ಪೆಟ್ಟಿಗೇಲಿ ನೆಟ್ಟಗೆ ಮಲಗು. ಇವತ್ತಾದ್ರೂ ಹೊತ್ತಿಗೆ ಸರಿಯಾಗಿ ಹೊರಡು.”

ಎಲ್ಲರೂ ಜೋಸ್ಫಾಟನತ್ತ ತಿರುಗಿದರು. ಸಹ್ವಿರಾನ ಮೇಲೆ ಕೋಪಿಸಿಕೊಳ್ಳುವಂತಿಲ್ಲ. ಜೋಸ್ಫಾಟ್ ಎದ್ದು ಗದ್ದ ಎಳೆದುಕೊಂಡ. “ಎಲ್ಲಾ ಈಗ್ಲೇ ಮಾಡಿ ಮುಗಿಸಿದ್ರೆ, ನನ್ನ ಸಾವಿಗೆ ಏನಯ್ಯ ಉಳಿಸ್ಕೊಂಡಿದೀಯ?”

ನಗು ತಗಡಿನ ಛಾವಣಿ ಹಾರಿಸಿತು. ವಿಧವೆ ನಕ್ಕಳು, ಪಾದ್ರಿ ನಕ್ಕ. ಫನುವೆಲ್ ಮಾನದಿಂದ ಹೋದ, ಬೇರೆಯವನ ದನಿಯಲ್ಲಿ.

ಸಂಜೆ ನೋಮ್ಯಾಟರ್ ಮನೆಯ ಮೆಟ್ಟಿಲ ಮೇಲೆ ಕುಸಿದ. ಎಲ್ಲರೂ ಬೆನ್ನು ತಟ್ಟಿದ್ದರು. ಗೆಳೆಯನಿಗೆ ಮಾತ್ರ ಮೋಸವಾಗಿತ್ತು. ಬೂಟು ಬಿಚ್ಚಿದ. ಉಸಿರು ಬಿಟ್ಟ.

ಬಂತು. ಎಳೆದು ನಿಂತಿತು, ಮತ್ತೆ ಎಳೆಯಿತು, ಹತ್ತಿಕೊಂಡಿತು. ಹಿಂದೆಯೇ ಮಂಜು, ಬುಟ್ಟಿಗಳು, ಇಳಿಜಾರಿನಲ್ಲಿ ಒದರುವ ಬಸ್ಸು. “ನೋಮ್ಯಾ, ಟಿಕೆಟ್ ಆಯ್ತೇನೋ?” ಎಂದು ಫನುವೆಲನ ದನಿಯಲ್ಲಿ ತನ್ನನ್ನೇ ಕೇಳಿದ. “ಆಯ್ತು, ನಡಿ” ಎಂದು ತಾನೇ ಉತ್ತರಿಸಿದ. ಕೆಮ್ಮುತ್ತ, ನಗುತ್ತ, ಅಳುತ್ತ ಕೂತ.

ಬೇಲಿಯಾಚೆ ಒಂದು ಪಾತ್ರೆ ಬಿತ್ತು. ರುವಿಂಬೋನ ಅಮ್ಮ ಓಡಿದಳು. ಕಾಯಿಲೆ ಪೂರ್ತಿ ತಲೆಗೇರಿದೆ, ಸತ್ತವನ ಜೊತೆ ಟಿಕೆಟ್ ಲೆಕ್ಕ ನಡೆದಿದೆ ಎಂದು ಬೀದಿಗೆಲ್ಲ ಸಾರಿದಳು. ಕ್ಷಣದಲ್ಲಿ ಅಂಗಳ ತುಂಬಿತು. ಒಬ್ಬ ನೀರು ಚಿಮುಕಿಸಿದ, ಇಬ್ಬರು ಕೈಕಾಲು ಹಿಡಿದರು. ಹುಚ್ಚಲ್ಲ, ಫನುವೆಲನ ಕೆಮ್ಮು ಸಿಕ್ಕಿತು ಅಷ್ಟೇ ಎಂದು ನೋಮ್ಯಾಟರ್ ಬಡಬಡಿಸಿದ.

ಜನರನ್ನು ಸರಿಸಿಕೊಂಡು ಜೋಸ್ಫಾಟ್ ಮುಂದೆ ಬಂದ. ಅವನ ಬೆರಳು ಆಡುತ್ತಿರಲಿಲ್ಲ.

“ನಿಜವಾಗ್ಲೂ ಸಿಕ್ತೇನೋ?” ಎಂದ ಮೆಲ್ಲಗೆ. “ಒಂದೇ ಸಲ ಕೇಳಿಸಪ್ಪ.”

ಇಡೀ ಬೀದಿಯ ಕಣ್ಣು ನೋಮ್ಯಾಟರನ ಗಂಟಲ ಮೇಲೆ.

ನೋಮ್ಯಾಟರ್ ಬಾಯಿ ತೆರೆದ.

ಮೇಕೆ.