ಹಸಿರು ಜೆಲ್ಲಿಯ ಆಟ

ಹಳೆಯ ಲ್ಯಾಪ್‌ಟಾಪಿಗೆ ಇನ್ನೂರೆಂಬತ್ತು ಡಾಲರ್, ಚಿತ್ರ ಬರೆಯುವ ಡಿಜಿಟಲ್ ಹಲಗೆಗೆ ನಲವತ್ತೈದು, ಆಟಗಳನ್ನು ಇಡುವ ವೆಬ್‌ಸೈಟಿಗೆ ವರ್ಷಕ್ಕೆ ಹನ್ನೆರಡು. ಐದು ವರ್ಷದಲ್ಲಿ ಆರ್ವಿಡ್ ಟಾಲ್‌ಸ್ಟೆಡ್ ಮಾಡಿದ ಪುಟ್ಟ ಆಟಗಳು ಆರು. ಅವನ್ನು ಜನ ಆಡಿದ್ದು ಒಟ್ಟು ಮೂವತ್ತೊಂದು ಸಲ. ಅದರಲ್ಲಿ ಇಪ್ಪತ್ತು ಸಲ ಆಡಿದವನು ಆರ್ವಿಡ್ಡೇ.

ಮಿನ್ನೆಸೋಟದ ಸಣ್ಣ ಊರೊಂದರಲ್ಲಿ, ಧಾನ್ಯದ ಗೋದಾಮಿನಲ್ಲಿ ತೂಕ ಬರೆಯುವವನಿಗೆ ಇದು ಅಂಥ ದುಬಾರಿ ಚಟವೇನಲ್ಲ. ಚರ್ಚಿನ ನೂರನೇ ವರ್ಷದ ಊಟಕ್ಕೆ ಒಂದು ಆಟ ಮಾಡಿಕೊಡು, ಊಟದ ಹಾಲ್‌ನ ದೊಡ್ಡ ಪರದೆಯ ಮೇಲೆ ಹಾಕೋಣ ಎಂದು ಪಾದ್ರಿಗಳು ಕೇಳಿದಾಗ ಅವನು ಹಿಗ್ಗಿಹೋದ.

ಆಟ ಸರಳ. ತಟ್ಟೆ ಹಿಡಿದ ಬಡಪಾಯಿಯೊಬ್ಬ ಚರ್ಚಿನ ಹಾಲ್ ದಾಟಿ ಕಾಫಿ ಪಾತ್ರೆ ಮುಟ್ಟಬೇಕು. ದಾರಿಯಲ್ಲಿ ಒಂಬತ್ತು ಹೆಂಗಸರು ಸೌಟು ಹಿಡಿದು ಅಟ್ಟಿಸಿಕೊಂಡು ಬರುತ್ತಾರೆ. ಸಿಕ್ಕರೆ ಬಡಿಸಿಯೇ ಬಿಡುತ್ತಾರೆ. ಎಲ್ಲಕ್ಕಿಂತ ಅಪಾಯದ್ದು ಕ್ಯಾರೆಟ್ ತುರಿ ಹಾಕಿದ ಹಸಿರು ಜೆಲ್ಲಿ ಸಲಾಡು. ಅದು ತಟ್ಟೆಗೆ ಬಿದ್ದರೆ ಹತ್ತು ಸೆಕೆಂಡು ಕಾಲು ಕೀಳಲಾಗುವುದಿಲ್ಲ.

ಇಂಥ ಆಟ ಮಾಡುವವರಿಗೆ ಒಂದು ಅಭ್ಯಾಸವಿದೆ. ಮೊದಲು ಕೈಗೆ ಸಿಕ್ಕ ಚಿತ್ರ, ಬಾಯಿಗೆ ಬಂದ ಹೆಸರು ಹಾಕಿ ಆಟ ಓಡುವಂತೆ ಮಾಡುತ್ತಾರೆ. ಸರಿಯಾದದ್ದನ್ನು ಆಮೇಲೆ ಹಾಕೋಣ ಎಂದುಕೊಳ್ಳುತ್ತಾರೆ. ಆರ್ವಿಡ್‌ನ ಕೈಗೆ ಸಿಕ್ಕದ್ದು ಚರ್ಚಿನ ಅಡುಗೆಮನೆಯ ಒಂಬತ್ತು ಹೆಂಗಸರ ಗುಂಪುಚಿತ್ರ. ಮುಖಗಳನ್ನು ಕತ್ತರಿಸಿ ಅಂಟಿಸಿ, ಕೆಳಗೆ ಅವರವರ ಹೆಸರನ್ನೇ ಬರೆದ. ಜೆಲ್ಲಿ ಬಡಿಸುವವಳ ಜಾಗದಲ್ಲಿ ಪಕ್ಕದ ಮನೆಯ ಬೋರ್ಗಿಲ್ಡ್ ನಿಂತಳು. ಶುಕ್ರವಾರ ಸಂಜೆ ಆಟವನ್ನು ಹಾಗೆಯೇ ಚರ್ಚಿನ ಕಂಪ್ಯೂಟರಿಗೆ ಹಾಕಿ ಬಂದುಬಿಟ್ಟ.

ಮುಖಗಳನ್ನು ಬದಲಿಸಿಲ್ಲವೆಂದು ನೆನಪಾದದ್ದು ಶನಿವಾರ, ಊಟದ ದಿನ ಬೆಳಿಗ್ಗೆ, ಹಲ್ಲುಜ್ಜುವಾಗ. ಬಾಯಲ್ಲಿದ್ದ ನೊರೆ ಗಂಟಲಿಗೆ ಇಳಿಯಿತು.

ಬೋರ್ಗಿಲ್ಡ್ ಎಪ್ಪತ್ತು ದಾಟಿದ ವಿಧವೆ. ಒಂಟಿ ಆರ್ವಿಡ್‌ನನ್ನು ಹನ್ನೊಂದು ವರ್ಷದಿಂದ ಪ್ರತಿ ಬುಧವಾರ ಕರೆದು ಊಟಕ್ಕೆ ಕೂರಿಸಿದವಳು. ವಾರದಲ್ಲಿ ಅವನು ಇನ್ನೊಬ್ಬರ ಎದುರು ಕೂತು ಉಣ್ಣುವುದು ಅದೊಂದೇ ದಿನ. ಆ ಮೇಜಿನ ಮೇಲೂ ಹಸಿರು ಜೆಲ್ಲಿ ಇರುತ್ತಿತ್ತು. ಅವನಿಗೆ ಅದು ಸೇರದಿದ್ದರೂ ಚೆನ್ನಾಗಿದೆ ಎಂದು ಎರಡು ಸಲ ಹಾಕಿಸಿಕೊಳ್ಳುತ್ತಿದ್ದ. ಆಕೆಯನ್ನೇ ಊರೆಲ್ಲ ನೋಡುವಂತೆ ರಾಕ್ಷಸಿ ಮಾಡಿಟ್ಟಿದ್ದ.

ಲ್ಯಾಪ್‌ಟಾಪನ್ನು ಕಂಕುಳಲ್ಲಿ ಇರುಕಿಕೊಂಡು ಚರ್ಚಿಗೆ ಓಡಿದ. ಅಡುಗೆಮನೆಯಲ್ಲಿ ನಗು ಕೇಳುತ್ತಿತ್ತು. ಅವನು ಇಣುಕಿದೊಡನೆ ಫ್ರಿಜ್ಜಿನ ಬಾಗಿಲು ಹಾಕಿದ ಹಾಗೆ ಪಟ್ಟನೆ ನಿಂತಿತು. ಕುರ್ಚಿಗಳ ಉಸ್ತುವಾರಿ ಹೊತ್ತ ಮಿಲ್ಟನ್ ಎದುರಾದ.

"ಏನಯ್ಯಾ ಕಲಾವಿದ, ಬೋರ್ಗಿಲ್ಡ್ ಬೆಳಿಗ್ಗೆಯಿಂದ ನಿನ್ನೇ ಹುಡುಕ್ತಾ ಇದಾಳೆ. ಎಲ್ಲರೂ ಸೇರಿ ಆಟ ನೋಡಿದ್ರಂತೆ."

"ಏನಂದ್ರು?"

"ನಂಗ್ಯಾಕೆ ಹೇಳ್ತಾರೆ? ಮೊದ್ಲು ಈ ಕುರ್ಚಿ ಎತ್ತು."

ಮಿಲ್ಟನ್ ಅವನಿಂದ ನಲವತ್ತು ಕುರ್ಚಿ ಎತ್ತಿಸಿದ. ಚರ್ಚಿನ ಕಂಪ್ಯೂಟರ್ ಇದ್ದ ಆಫೀಸಿನ ಕಡೆ ಎರಡು ಹೆಜ್ಜೆ ಇಟ್ಟರೆ ಯಾರೋ ಒಬ್ಬರು ಮೇಜುಬಟ್ಟೆ ಕೊಡುತ್ತಿದ್ದರು, ಇನ್ನೊಬ್ಬರು ಹೂದಾನಿ. ಅಷ್ಟರಲ್ಲಿ ಕೈಯಲ್ಲಿ ಸೌಟು ಹಿಡಿದೇ ಬೋರ್ಗಿಲ್ಡ್ ಹಾಲಿಗೆ ಬಂದು ಅವನ ಹೆಸರು ಕೂಗಿದಳು. ಆರ್ವಿಡ್ ಮೇಜುಗಳ ಸಂದಿಯಲ್ಲಿ ನುಸುಳಿ, ಕೋಟು ತೂಗುಹಾಕುವ ಕಂಬಿಯ ಹಿಂದೆ ಅಡಗಿ, ಆಕೆ ತಿರುಗಿದ ಕೂಡಲೇ ಆಚೆ ಬದಿಗೆ ಓಡಿದ. ತಾನು ಮಾಡಿದ ಆಟವನ್ನು ತಾನೇ ಆಡುತ್ತಿದ್ದಾನೆಂಬುದು ಹೊಳೆದು ಕಿವಿ ಬಿಸಿಯಾಯಿತು.

ಕೊನೆಗೆ ಆಫೀಸಿನ ಬಾಗಿಲು ಹಾಕಿಕೊಂಡು ಕೂತಾಗ ಎರಡು ಗಂಟೆ. ಹೊಸ ಮುಖ ಬರೆಯಲು ಹೊತ್ತಿಲ್ಲ. ಊರಿನಲ್ಲಿ ಬೇರೆ ಯಾರ ಮುಖ ಹಾಕಿದರೂ ಅವರು ಮುನಿಯುತ್ತಾರೆ. ಏನೂ ಅನ್ನದ ಮುಖ ಒಂದೇ ಇತ್ತು, ಅವನದು. ಗೋದಾಮಿನ ಗುರುತಿನ ಚೀಟಿಗೆ ತೆಗೆಸಿದ ಚಿತ್ರವನ್ನು ಒಂಬತ್ತು ಕಡೆ ಅಂಟಿಸಿ, ಒಂಬತ್ತು ಕಡೆ ಆರ್ವಿಡ್ ಎಂದು ಬರೆದ. ಮಾಡಿದ ತಪ್ಪಿನ ಗುರುತೂ ಉಳಿಯಬಾರದೆಂದು ಹಳೆಯ ಆಟವನ್ನು ಎರಡೂ ಕಂಪ್ಯೂಟರಿನಿಂದ ಪೂರ್ತಿ ಅಳಿಸಿದ. ಅದಾದ ಮೇಲೆ ಉಸಿರು ಬಂತು.

ಐದಕ್ಕೆ ಹಾಲ್ ತುಂಬಿತು. ಬೋರ್ಗಿಲ್ಡ್ ನೀಲಿ ಉಡುಪು ತೊಟ್ಟು, ಫಾರ್ಗೋ ನಗರದಿಂದ ಬಂದ ಅಕ್ಕನ ಜೊತೆ ಮುಂದಿನ ಸಾಲಿನಲ್ಲಿ ಕೂತಿದ್ದಳು. ಉಳಿದ ಎಂಟು ಹೆಂಗಸರೂ ಮಕ್ಕಳು, ಮೊಮ್ಮಕ್ಕಳನ್ನು ಕರೆತಂದು ಪರದೆಯನ್ನೇ ನೋಡುತ್ತಿದ್ದರು. ಪಾದ್ರಿಗಳು ಗುಂಡಿ ಒತ್ತಿದರು. ಸೌಟು ಹಿಡಿದ ಒಂಬತ್ತು ಆರ್ವಿಡ್‌ಗಳು ಸಾಲಾಗಿ ಹೊರಬಂದರು.

ಯಾರೂ ನಗಲಿಲ್ಲ. ಬೆಳಿಗ್ಗೆ ನಾವಿದ್ದೆವಲ್ಲ ಎಂದು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಿಲ್ಟನ್ ಕಾಫಿ ಗುಟುಕರಿಸಿ ಹೇಳಿದ:

"ನಲವತ್ತು ವರ್ಷ ಬೇಯಿಸಿ ಬಡಿಸಿದೋರು ಅವರು. ಇವನು ನೋಡು, ಎಲ್ಲರನ್ನೂ ತೆಗೆದು ಒಂಬತ್ತು ಕಡೆ ತಾನೇ ನಿಂತಿದಾನೆ."

ಬೋರ್ಗಿಲ್ಡ್ ಎದ್ದು ಆರ್ವಿಡ್‌ನ ಹತ್ತಿರ ಬಂದಳು. ದನಿ ಏರಿಸಲಿಲ್ಲ.

"ಥ್ಯಾಂಕ್ಸ್ ಹೇಳೋಣ ಅಂತ ಬೆಳಿಗ್ಗೆಯಿಂದ ಹುಡುಕಿದೆ ನಿನ್ನ. ನನ್ನ ಸಲಾಡ್ ಬಿದ್ರೆ ಮನುಷ್ಯ ಹತ್ತು ಸೆಕೆಂಡು ಅಲ್ಲಿಂದ ಕದಲೋದೇ ಇಲ್ಲ, ಅಷ್ಟು ರುಚಿ ಅಂತ ತೋರಿಸಿದಾನೆ, ಬಂದು ನೋಡು ಅಂತ ಅಕ್ಕನ್ನ ನೂರು ಮೈಲಿಯಿಂದ ಕರೆಸಿದೀನಿ. ಯಾಕೆ ತೆಗೆದೆ ಆರ್ವಿಡ್?"

ನಿಜ ಹೇಳಿದರೆ ಆ ಹತ್ತು ಸೆಕೆಂಡು ರುಚಿಗಲ್ಲವೆಂದೂ ಆರ್ವಿಡ್ ಹೇಳಬೇಕಾಗುತ್ತಿತ್ತು. ಆಕೆ ಇನ್ನೂ ಕಾಯುತ್ತಿದ್ದಳು.

"ನನ್ನ ಮುಖ ಚೆನ್ನಾಗಿ ಕಾಣುತ್ತೆ ಅನ್ನಿಸ್ತು," ಎಂದ, ನೆಲ ನೋಡುತ್ತ.

ಮುಂದಿನ ಬುಧವಾರ ಸಂಜೆ ಅವನು ಒಗೆದ ಶರ್ಟು ಹಾಕಿಕೊಂಡು ಕಿಟಕಿಯ ಬಳಿ ಕಾದ. ಪಕ್ಕದ ಮನೆಯಲ್ಲಿ ದೀಪ ಹತ್ತಿತು, ಊಟದ ವಾಸನೆ ಬಂತು, ಕರೆ ಬರಲಿಲ್ಲ. ಆರ್ವಿಡ್‌ಗೆ ಊರಿನಲ್ಲಿ ಜಂಭಗಾರ ಎಂಬ ಹೆಸರು ಬಂತು, ಬುಧವಾರದ ಊಟ ಹೋಯಿತು.