ಅಳೆಯುವ ಅಳಿಯ

ಈ ವರ್ಷ ನಾನು ಓದುವ, ಕೇಳುವ ಪ್ರತಿಯೊಂದು ಕಾದಂಬರಿಗೂ ಸಂಪೂರ್ಣ ನ್ಯಾಯ ಒದಗಿಸುತ್ತೇನೆ ಎಂದು ಜನವರಿ ಒಂದನೆಯ ತಾರೀಖು ಹಲ್ಲುಜ್ಜುತ್ತಲೇ ಪ್ರತಿಜ್ಞೆ ಮಾಡಿದೆ. ಬಾಯಿ ತುಂಬ ನೊರೆ ಇದ್ದುದರಿಂದ ಪ್ರತಿಜ್ಞೆಯ ಪೂರ್ಣಪಾಠ ಹೆಂಡತಿಗೆ ತಲುಪಲಿಲ್ಲ.

"ಏನ್ರೀ ಅದು? ಉಗುಳಿ ಹೇಳಿ."

ಉಗುಳಿ ಹೇಳಿದೆ. "ಇನ್ನು ಮೇಲೆ ಕಾದಂಬರಿಗಳನ್ನ ಸುಮ್ಮನೆ ಓದೋದಿಲ್ಲ. ಅಳೀತೀನಿ!"

"ಪಾಪ, ಅವು ನಿಮಗೇನು ಮಾಡಿದ್ವು?"

ನನ್ನ ಉದ್ಯೋಗ ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ. ನಲ್ಲಿಯ ನೀರಿನಲ್ಲಿ ಏನಿದೆ, ಏನಿಲ್ಲ, ಇರುವುದು ಎಷ್ಟಿದೆ ಎಂದು ಬರೆದುಕೊಡುವುದು ನನ್ನ ಕೆಲಸ. 'ನೀರು ಚೆನ್ನಾಗಿದೆ' ಎಂದಷ್ಟೇ ಬರೆದರೆ ಮೇಲಧಿಕಾರಿ ಕಾಗದವನ್ನು ಹಿಂದಕ್ಕೆ ಎಸೆಯುತ್ತಾರೆ. ಆದರೆ ಪುಸ್ತಕಲೋಕದ ಅರಾಜಕತೆಯನ್ನು ನೋಡಿ! 'ಮನ ಮುಟ್ಟಿತು', 'ಕಣ್ಣು ತುಂಬಿತು' ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಎಷ್ಟು ಮುಟ್ಟಿತು? ಎಷ್ಟು ಮಿಲಿಲೀಟರ್ ತುಂಬಿತು? ಹೇಳುವವರೇ ಇಲ್ಲ!

ಹೀಗಾಗಿ ನಾನೇ ಒಂದು ಕ್ರಮ ರೂಪಿಸಿದೆ. ಕಥೆಗೊಂದು ನಕ್ಷತ್ರ, ಭಾಷೆಗೊಂದು, ಪಾತ್ರಗಳಿಗೊಂದು, ಮುಕ್ತಾಯಕ್ಕೊಂದು. ಐದನೆಯದು ಮುದ್ರಿತ ಪುಸ್ತಕವಾದರೆ ಅಚ್ಚಿನ ಅಂದಕ್ಕೆ, ಆಡಿಯೊ ಪುಸ್ತಕವಾದರೆ ಓದಿದವರ ದನಿಗೆ. ಅಳತೆಗೋಲು ಎಂಬ ಹೆಸರಿನಲ್ಲಿ ಒಂದು ಆ್ಯಪಿನಲ್ಲಿ ಬರೆಯತೊಡಗಿದೆ. ಜನ ನಂಬಿದರು! ಪ್ರಯೋಗಾಲಯದ ಸಹೋದ್ಯೋಗಿಯೊಬ್ಬರಿದ್ದಾರೆ, ಸದಾ ಗೊಣಗುವುದರಿಂದ ಅವರನ್ನು ಗೊಣಗಣ್ಣ ಎಂದೇ ಕರೆಯುತ್ತೇವೆ. ಅವರೇ ಒಂದು ದಿನ ಬಂದು ನನ್ನ ಕೈ ಕುಲುಕಿದರು.

"ನಿಮ್ಮ ವಿಮರ್ಶೆ ಓದಿದೆ ಮಾರಾಯ್ರೇ. ಪುಸ್ತಕ ಓದೋದು ತಪ್ಪಿತು. ದೊಡ್ಡ ಉಪಕಾರ ಆಯ್ತು."

ವರ್ಷದ ನಡುವೆ ನನಗೊಂದು ಸಾಮಾಜಿಕ ಸತ್ಯವೂ ಗೋಚರಿಸಿತು. ಆಡಿಯೊ ಪುಸ್ತಕ ಓದುವವರೆಲ್ಲರೂ ವಿಪರೀತ ಅವಸರದಲ್ಲಿದ್ದರು. ಒಬ್ಬರಲ್ಲ, ಇಬ್ಬರಲ್ಲ, ಎಲ್ಲರೂ! 'ನಿಧಾನವನ್ನು ಕಳೆದುಕೊಂಡ ನಾಗರಿಕತೆ' ಎಂಬ ಗಂಭೀರ ಲೇಖನವನ್ನೇ ಬರೆದು ಹಾಕಿದೆ. ಮೆಚ್ಚುಗೆಗಳು ಹರಿದುಬಂದವು. ನಾಗರಿಕತೆ ಮಾತ್ರ ಸುಧಾರಿಸಲಿಲ್ಲ.

ಇದೇ ಕಾಲಕ್ಕೆ ಮನೆಯಲ್ಲಿ ವಿಚಿತ್ರ ಘಟನೆಗಳು ಶುರುವಾದವು. ಮನೆಯಲ್ಲಿ ನಾವು ಮೂವರು: ನಾನು, ಹೆಂಡತಿ, ನನ್ನ ಅತ್ತೆ. ಅತ್ತೆ ಒಂದು ಕಾಲದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. 'ಸ್ವಲ್ಪ ತಾಳಿ, ಜೋಡಿಸ್ತೀನಿ' ಎಂದು ಊರಿಗೆ ಊರನ್ನೇ ದನಿಯಿಂದ ಜೋಡಿಸಿದವರು. ಆಮೇಲೆ ಯಂತ್ರಗಳು ಬಂದವು, ಅತ್ತೆಯನ್ನು ಬಿಲ್ಲಿನ ಕೌಂಟರಿಗೆ ಹಾಕಿದರು. ಅಲ್ಲಿ ದನಿಗೆ ಕೆಲಸವಿರಲಿಲ್ಲ, ಚಿಲ್ಲರೆಗೆ ಇತ್ತು. ಈಗಲೂ ಅವರು ಮಾತಾಡುವುದು ತುಂಬಾ ನಿಧಾನ. ಒಂದೊಂದು ಪದವನ್ನೂ ಒರೆಸಿ, ನೋಡಿ, ಆಮೇಲೆ ಎದುರಿಗಿಡುತ್ತಾರೆ.

ವಿಚಿತ್ರ ಘಟನೆಗಳೆಂದರೆ, ಹಜಾರದ ಗೋಡೆ ಗಡಿಯಾರ ದಿನವೂ ಹಿಂದೆ ಬೀಳತೊಡಗಿತು. ಸಂಜೆ ಬಂದು ಸರಿಮಾಡಿದರೆ ಮರುದಿನ ಸಂಜೆಗೆ ಮತ್ತೆ ಹಿಂದೆ. ಬ್ಯಾಟರಿ ಬದಲಿಸಿದೆ. ರಿಪೇರಿಯವನಿಗೆ ತೋರಿಸಿದೆ. "ಗಡಿಯಾರ ಚೆನ್ನಾಗಿದೆ ಸಾರ್, ಮನೇಲಿ ಯಾರಿಗಾದರೂ ತೊಂದರೆನಾ?" ಎಂದ. ಫ್ರಿಜ್ಜಿನದು ಇನ್ನೊಂದು ಕಥೆ. ವಾರಕ್ಕೊಮ್ಮೆಯಾದರೂ ಅದರ ಕೆಳಗೆ ನೀರು ನಿಂತಿರುತ್ತಿತ್ತು, ಹಾಲು ಒಡೆದಿರುತ್ತಿತ್ತು. ಆ ನೀರನ್ನು ಪ್ರಯೋಗಾಲಯಕ್ಕೆ ಒಯ್ದು ಪರೀಕ್ಷಿಸಿದೆ. ನೀರೇ ಆಗಿತ್ತು. ಮನೆಯಲ್ಲಿ ವೋಲ್ಟೇಜಿನ ಏರುಪೇರು ಇದೆ ಎಂದು ತೀರ್ಮಾನಿಸಿದೆ.

"ಬ್ಯಾಟರಿ ಗಡಿಯಾರಕ್ಕೆ ವೋಲ್ಟೇಜ್ ಎಲ್ಲಿಂದ ಬಂತು?" ಎಂದಳು ಹೆಂಡತಿ.

"ಪರೋಕ್ಷ ಪರಿಣಾಮ," ಎಂದೆ.

ಓದುಗರು ಇಷ್ಟು ಹೊತ್ತಿಗೆ ಏನನ್ನೋ ಊಹಿಸಿರಬಹುದು. ಊಹಿಸಲಿ. ನಾನು ವಿಜ್ಞಾನ ಪದವೀಧರ, ಊಹಿಸುವುದಿಲ್ಲ!

ಹೀಗಿರುವಾಗ ಒಂದು ಭಾನುವಾರ ಹೆಂಡತಿ ನನ್ನ ಫೋನಿನಲ್ಲಿ ಒಂದು ಆಡಿಯೊ ಪುಸ್ತಕ ತೆರೆದುಕೊಟ್ಟಳು. ಓದಿದವರು 'ಸಂಜೆದನಿ' ಎಂಬ ಹೆಂಗಸು.

"ಹೊಸಬರಂತೆ ರೀ. ಮೊದಲನೇ ಪುಸ್ತಕ. ಮೂರು ನಕ್ಷತ್ರಕ್ಕಿಂತ ಕಡಿಮೆ ಬಂದ್ರೆ ಕಂಪನಿಯವರು ಎರಡನೇದು ಕೊಡಲ್ವಂತೆ. ನಿಮ್ಮ ಮಾತನ್ನ ಜನ ನಂಬ್ತಾರೆ. ಸ್ವಲ್ಪ ಮನಸ್ಸಿಟ್ಟು ಕೇಳಿ."

"ಇಲ್ಲಿ ವಶೀಲಿ ನಡೆಯಲ್ಲ!" ಎಂದು ಗುಡುಗಿದೆ.

"ವಶೀಲಿ ಬೇಡ. ಕಿವಿ ಸಾಕು."

ಕೇಳಿದೆ. ವಿಮರ್ಶೆ ಬರೆದೆ. ಹಾಕಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಬದುಕಿಕೊಳ್ಳುತ್ತಿದ್ದೆನೇನೋ. ಊಟದ ಹೊತ್ತಿನಲ್ಲಿ ಅದನ್ನು ಇಬ್ಬರಿಗೂ ಗಟ್ಟಿಯಾಗಿ ಓದಿ ಹೇಳಿದೆ.

"'ವಾಚಕಿ ಸಂಜೆದನಿ ಅವರಿಗೆ ಯಾವ ಬಸ್ಸು ತಪ್ಪುತ್ತಿತ್ತೋ ತಿಳಿಯದು. ನಾಯಕಿ ಹಾಸಿಗೆ ಹಿಡಿದಿದ್ದಾಳೆ, ವಾಚಕಿ ಓಡುತ್ತಿದ್ದಾರೆ. ಇದು ಸಾಲದೆಂಬಂತೆ, ನಾಯಕಿ ಕೊನೆಯುಸಿರಿನಲ್ಲಿ "ನಾನಿನ್ನು ಹೊರಟೆ" ಎನ್ನುವಾಗ, ಹಿನ್ನೆಲೆಯಲ್ಲಿ ಯಾವನೋ ಒಬ್ಬ ಗಂಡಸು "ನನ್ನ ಇನ್ನೊಂದು ಸಾಕ್ಸ್ ಎಲ್ಲೇ?" ಎಂದು ಕಿರುಚುತ್ತಾನೆ. ಈ ಮನುಷ್ಯನಿಗೆ ಮನೆಯಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲವೇ?'"

"ಇದ್ದಾರೆ," ಎಂದಳು ಹೆಂಡತಿ, ತಟ್ಟೆ ನೋಡುತ್ತ. "ಇಬ್ಬರಿದ್ದಾರೆ."

ಅದನ್ನು ಸಾಹಿತ್ಯಿಕ ಪ್ರತಿಕ್ರಿಯೆ ಎಂದು ಭಾವಿಸಿ ಮುಂದುವರಿಸಿದೆ. "'ದನಿಗೆ ಸೊನ್ನೆ. ಒಟ್ಟು ಒಂದೂವರೆ ನಕ್ಷತ್ರ.'"

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವರು ಯಾವಾಗಲೂ ಸ್ವಲ್ಪ ಹೊತ್ತು ಸುಮ್ಮನಿರುತ್ತಾರಾದ್ದರಿಂದ ನನಗೆ ವಿಶೇಷವೆನಿಸಲಿಲ್ಲ.

"ದನಿಗೆ... ಸೊನ್ನೆ ಅಂದ್ರಾ?"

"ಅದಕ್ಕಿಂತ ಕೆಳಗಿಳಿಯೋಕೆ ಸಂಖ್ಯೆ ಒಪ್ಪಲಿಲ್ಲ ಅತ್ತೆ!"

"ಸರಿ. ನೀವು ಅಳೆದಿದ್ದು ಅಂದ್ಮೇಲೆ... ಸರಿಯಾಗೇ ಇರುತ್ತೆ." ತಟ್ಟೆ ತೆಗೆದುಕೊಂಡು ಎದ್ದರು. ಅನ್ನ ಅರ್ಧ ಉಳಿದಿತ್ತು.

ಮರುದಿನದಿಂದ ಮನೆಯ ಸಮಸ್ಯೆಗಳೆಲ್ಲ ತಾವಾಗಿಯೇ ಬಗೆಹರಿದವು. ಗಡಿಯಾರ ಕರಾರುವಾಕ್ಕಾಗಿ ನಡೆಯತೊಡಗಿತು. ಫ್ರಿಜ್ಜು ಹಗಲೆಲ್ಲ ಗುಂಯ್ಗುಟ್ಟಿತು. ಹಾಲು ಒಡೆಯಲಿಲ್ಲ. "ನೋಡಿದ್ಯಾ, ವೋಲ್ಟೇಜ್ ಸರಿಹೋಯ್ತು!" ಎಂದು ಸಂಭ್ರಮಿಸಿದೆ. ಹೆಂಡತಿ ನನ್ನನ್ನು ನೋಡಿದ ನೋಟಕ್ಕೆ ಆ ಹಾಲು ಒಡೆಯದೆ ಉಳಿದದ್ದೇ ಆಶ್ಚರ್ಯ. ಅತ್ತೆ ಮಾತ್ರ ಮೊದಲಿಗಿಂತ ಕಡಿಮೆ ಮಾತಾಡುತ್ತಿದ್ದರು. ಮಧ್ಯಾಹ್ನಗಳಲ್ಲಿ ಹಜಾರದ ಕುರ್ಚಿಯಲ್ಲಿ ಕೂತು ಗಡಿಯಾರವನ್ನೇ ನೋಡುತ್ತಿರುತ್ತಾರೆ ಎಂದು ಹೆಂಡತಿ ಹೇಳಿದಳು. ಗಡಿಯಾರ ಈಗ ಸರಿ ಇದೆಯಲ್ಲ, ನೋಡಲಿ ಬಿಡು ಎಂದೆ. ದೇವರು ನನಗೆ ಪದವಿ ಕೊಟ್ಟಿದ್ದ, ಬೇರೇನೂ ಕೊಟ್ಟಿರಲಿಲ್ಲ.

ಆ ವಾರ ನನ್ನದು ಮಧ್ಯಾಹ್ನದ ಪಾಳಿ. ಹೊರಡುವ ಹೊತ್ತಿಗೆ ಎಂದಿನಂತೆ ಒಂದು ಕಾಲುಚೀಲ ಸಿಕ್ಕಿತು, ಇನ್ನೊಂದು ಸಿಗಲಿಲ್ಲ. "ನನ್ನ ಇನ್ನೊಂದು ಸಾಕ್ಸ್ ಎಲ್ಲೇ?" ಎಂದು ಎಂದಿನಂತೆ ಕೂಗಿದೆ. ಅಡುಗೆಮನೆಯಿಂದ ಉತ್ತರ ಬರಲಿಲ್ಲ. ಅತ್ತೆ ಪೇಟೆಗೆ ಹೋಗಿದ್ದರು, ಬರುವುದು ಸಂಜೆಗೆ. ಒಗೆದ ಬಟ್ಟೆಗಳ ಜೊತೆ ಸೇರಿಹೋಗಿರಬಹುದೆಂದು ಅವರ ಕೋಣೆಯ ದೊಡ್ಡ ಬೀರು ತೆರೆದೆ.

ಬೀರುವಿನಲ್ಲಿ ಬಟ್ಟೆಗಳಿರಲಿಲ್ಲ. ಮೂರೂ ಕಡೆ ಕಂಬಳಿ ಇಳಿಬಿಟ್ಟಿತ್ತು. ಒಳಗೊಂದು ಮೋಟು ಸ್ಟೂಲು. ಎದುರಿಗೆ ಬೋರಲು ಹಾಕಿದ ಬಕೆಟ್ಟು, ಅದರ ಮೇಲೊಂದು ಮೈಕು. ಆ ಮೈಕಿಗೆ ತೊಡಿಸಿ, ರಬ್ಬರ್ ಬ್ಯಾಂಡ್ ಬಿಗಿದು ಇಟ್ಟಿದ್ದರು: ಬೂದು ಬಣ್ಣದ, ಹಿಮ್ಮಡಿಯಲ್ಲಿ ನೂಲು ಎದ್ದ, ನನ್ನ ಇನ್ನೊಂದು ಕಾಲುಚೀಲ!

ಹಗಲು ಹೊತ್ತಿನಲ್ಲೇ ನಕ್ಷತ್ರಗಳು ಕಂಡವು. ಒಂದೂವರೆ.

ಹಿಂದೆ ಹೆಂಡತಿ ಬಂದು ನಿಂತಿದ್ದಳು. "ಸಿಕ್ತಾ?"

"ಆ... ಆ ಕಿರುಚಿದ ಗಂಡಸು..."

"ಹೂಂ. ಹೇಳುವವರು ಕೇಳುವವರು ಇಲ್ಲದವನು."

ಮನುಷ್ಯನಿಗೆ ತನ್ನ ದನಿ ತಲೆಬುರುಡೆಯ ಮೂಳೆಗಳ ಮೂಲಕವೂ ಕೇಳಿಸುತ್ತದೆ, ಆದ್ದರಿಂದ ಧ್ವನಿಮುದ್ರಣದಲ್ಲಿ ಅದು ಪರಕೀಯವೆನಿಸುತ್ತದೆ ಎಂದು ವಿವರಿಸಲು ಹೊರಟೆ.

"ಮೂಳೆ ವಿಷಯ ಆಮೇಲೆ," ಎಂದಳು. "ಇನ್ನೆರಡು ವಾರ ಟೈಮ್ ಕೊಟ್ಟಿದ್ದಾರೆ. ಅಷ್ಟರೊಳಗೆ ಮೂರು ದಾಟದಿದ್ರೆ ಅಮ್ಮನ ಕೆಲಸ ಮುಗೀತು. ನಿಮ್ಮ ವಿಮರ್ಶೆ ಬಂದ ಮೇಲೆ ಯಾರೂ ಕೇಳ್ತಾನೇ ಇಲ್ಲ."

"ಮೊದಲೇ ಹೇಳೋದಲ್ವಾ! ಐದು ಕೊಡ್ತಿದ್ದೆ!"

"ಅದಕ್ಕೇ ಹೇಳಬೇಡ ಅಂದ್ರು. 'ನಾನು ಅಂತ ಗೊತ್ತಾದ್ರೆ ಸುಮ್ಮನೆ ಕೊಟ್ಬಿಡ್ತಾರೆ. ಅವರು ಸುಳ್ಳು ಅಳೆಯೋ ಮನುಷ್ಯ ಅಲ್ಲ. ನಿಜ ಗೊತ್ತಾಗ್ಲಿ ನನಗೆ' ಅಂದ್ರು."

ನಾನು ಸ್ಟೂಲಿನ ಮೇಲೆ ಕುಸಿದೆ. ಅಷ್ಟು ವರ್ಷ ಯಾರೂ ಕೇಳದ ದನಿಯನ್ನು ಬೀರುವಿನೊಳಗೆ ಕೂತು ಹೊರತೆಗೆದ ಆ ಹೆಂಗಸು, ಅದನ್ನು ತೂಗಿ ನೋಡಲು ನಂಬಿದ್ದು ನನ್ನ ತಕ್ಕಡಿಯನ್ನು!

"ಆದ್ರೂ," ಎಂದೆ ಕ್ಷೀಣವಾಗಿ, "ಅವಸರ ಅನ್ನೋದು ನಿಜ ಕಣೇ. ಅತ್ತೆ ಯಾಕೆ ಹಾಗೆ ಓಡಿದ್ರು?"

ಹೆಂಡತಿ ನನ್ನ ಕೈಯಿಂದ ಫೋನ್ ಕಸಿದುಕೊಂಡಳು. ನೋಡಿದಳು. ಇನ್ನೊಮ್ಮೆ ನೋಡಿದಳು.

"ಇದೇನ್ರೀ, ವೇಗ ಅಂತಿರೋ ಕಡೆ ಒಂದೂವರೆ ಅಂತ ಇದೆ?"

ಜನವರಿಯಲ್ಲಿ ಒಂದು ದಪ್ಪ ಕಾದಂಬರಿ ಕೇಳಿದ್ದೆ. ಅದರ ಮೊದಲ ನಾಲ್ಕು ಅಧ್ಯಾಯಗಳಲ್ಲಿ ಮೋಡಗಳಷ್ಟೇ ಚಲಿಸುತ್ತಿದ್ದವು. ಅವು ಬೇಗ ಚಲಿಸಲಿ ಎಂದು ವೇಗ ಏರಿಸಿದ್ದೆ. ಇಳಿಸಿರಲಿಲ್ಲ! ಪ್ರಯೋಗಾಲಯದಲ್ಲಿ ದಿನಾ ಬೆಳಿಗ್ಗೆ ಉಪಕರಣ ಸರಿಯಿದೆಯೇ ಎಂದು ಪರೀಕ್ಷಿಸದೆ ಒಂದು ಹನಿ ನೀರು ಮುಟ್ಟದ ನಾನು, ಇಡೀ ವರ್ಷ ನನ್ನ ಕಿವಿಯನ್ನು ಪರೀಕ್ಷಿಸಿರಲಿಲ್ಲ. ನಾಗರಿಕತೆ ನಿಧಾನವಾಗಿಯೇ ಇತ್ತು. ಓಡುತ್ತಿದ್ದುದು ನನ್ನ ಫೋನು.

"ಅಳಿಯ ಅಲ್ಲ ನೀವು, ಬರೀ ಅಳೆಯೋರು," ಎಂದಳು ಹೆಂಡತಿ. "ಅದೂ ತಪ್ಪಾಗಿ."

ಆ ದಿನ ರಜೆ ಹಾಕಿದೆ. ಬೀರುವಿನೊಳಗೇ ಕೂತು, ವೇಗ ಒಂದಕ್ಕಿಳಿಸಿ, ಮೊದಲಿನಿಂದ ಕೇಳಿದೆ. ಅದೇ ದನಿ. ಪದ ಒರೆಸಿ, ನೋಡಿ, ಎದುರಿಗಿಡುವ ದನಿ. ನಾಯಕಿಗೆ ಜ್ವರ ಬಂದಾಗ ಅತ್ತೆ ದನಿ ಎತ್ತಲಿಲ್ಲ, ಇಳಿಸಲಿಲ್ಲ. ಎರಡು ಪದಗಳ ನಡುವೆ ತುಸು ತಾಳಿದರು, ಅಷ್ಟೇ. ಆ ತಾಳಿದ ಜಾಗದಲ್ಲಿ ಯಾರೋ ಆ ತುದಿಯಲ್ಲಿ ಕಾಯುತ್ತಿದ್ದಾರೆ, ಈಗ ಜೋಡಣೆಯಾಗುತ್ತದೆ ಎನಿಸುತ್ತಿತ್ತು. ಒಂದೂವರೆ ವೇಗದಲ್ಲಿ ನಾನು ಕತ್ತರಿಸಿ ಎಸೆದದ್ದು ಅದನ್ನೇ. 'ನಾನಿನ್ನು... ಹೊರಟೆ' ಎಂದರು. ಹಿಂದಿನಿಂದ ಆ ದುರಾತ್ಮ ಕಿರುಚಿದ. ನನಗೆ ಅವನ ಕೂಗು ಕೇಳಿಸಿತು, ಆದರೆ ಕಣ್ಣು ಅಷ್ಟರಲ್ಲಿ ತುಂಬಿಹೋಗಿತ್ತು. ಒರೆಸಿಕೊಳ್ಳಲು ಕೈಗೆ ಸಿಕ್ಕಿದ್ದು ಮೈಕಿನ ಮೇಲಿದ್ದ ಕಾಲುಚೀಲ. ಎಷ್ಟು ಮಿಲಿಲೀಟರ್ ಎಂದು ಅಳೆಯಲು ಹೋಗಲಿಲ್ಲ.

ಸಂಜೆ ಅತ್ತೆ ಚೀಲ ಹಿಡಿದು ಬಂದವರು ಬೀರುವಿನಲ್ಲಿ ಅಳಿಯನನ್ನು ಕಂಡು ಬಾಗಿಲಲ್ಲೇ ನಿಂತರು.

"ಅತ್ತೆ, ತಪ್ಪಾಯ್ತು. ವೇಗ ಒಂದೂವರೆ ಇತ್ತು. ಈಗಲೇ ಐದು ಕೊಡ್ತೀನಿ."

"ಬೇಡಿ."

"ಯಾಕತ್ತೆ?"

"ಅಳತೆ ತಪ್ಪಾಗಿದ್ರೆ... ತಿದ್ದಿ. ಅಳಿಯ ಅಂತ ತಿದ್ದಬೇಡಿ." ಚೀಲ ಕೆಳಗಿಟ್ಟರು. "ಎಷ್ಟು ಬರುತ್ತೋ ಅಷ್ಟೇ ಕೊಡಿ. ಇಲ್ಲಾಂದ್ರೆ ಆ ಮೈಕು ನಾನು ಮುಟ್ಟಲ್ಲ."

"ಒಂದು ಕೇಳ್ಲಾ? ಆ ಕೂಗನ್ನ ಅಳಿಸಿ ಇನ್ನೊಂದು ಸಲ ಓದಬಹುದಿತ್ತಲ್ಲ?"

"ಓದಿದೆ. ಆರು ಸಲ ಓದಿದೆ. ಆ ಸಾವು ಮತ್ತೆ ಅಷ್ಟು ಚೆನ್ನಾಗಿ ಬರಲಿಲ್ಲ. ಅದಕ್ಕೇ... ಸಾಕ್ಸ್ ಸಮೇತ ಕಳಿಸ್ಬಿಟ್ಟೆ."

ಕೂತು, ಒಂದೊಂದೇ ಅಂಶವನ್ನು ಮತ್ತೆ ಅಳೆದು, ತಿದ್ದುಪಡಿ ಬರೆದೆ. ವೇಗದ ಪ್ರಮಾದವನ್ನು ಬಹಿರಂಗವಾಗಿ ಒಪ್ಪಿಕೊಂಡೆ. ನಾಗರಿಕತೆಯ ಮೇಲಿನ ಲೇಖನವನ್ನು ಹಿಂತೆಗೆದುಕೊಂಡೆ. ಒಟ್ಟು ನಾಲ್ಕೂವರೆ ನಕ್ಷತ್ರ.

"ಅರ್ಧ ಯಾಕ್ರೀ ಕಡಿದ್ರಿ?" ಹೆಂಡತಿ ಸೊಂಟಕ್ಕೆ ಕೈಯಿಟ್ಟಳು.

"ಹಿನ್ನೆಲೆ ಸದ್ದು."

"ಆ ಸದ್ದು ನಿಮ್ಮದೇ ಅಲ್ವಾ!"

"ಯಾರದ್ದಾದ್ರೇನು, ಸದ್ದು ಸದ್ದೇ."

ಅತ್ತೆ ನಕ್ಕರು. ಎಷ್ಟೋ ದಿನಗಳ ನಂತರ. "ಇದು... ಸರಿಯಾದ ಅಳತೆ," ಎಂದರು.

ತಿದ್ದುಪಡಿ ಓದಿದವರು, ಅಷ್ಟು ಜಂಭದ ಮನುಷ್ಯ ಅಷ್ಟು ಚೆನ್ನಾಗಿ ಬಿದ್ದದ್ದು ಎಲ್ಲಿ ಎಂದು ನೋಡಲು ಪುಸ್ತಕಕ್ಕೆ ಬಂದರು. ಬಂದವರು ಕೇಳಿದರು, ಕೇಳಿದವರು ಕೊನೆಯವರೆಗೂ ಕೂತರು. ಗಡುವಿನೊಳಗೆ ಮೂರು ದಾಟಿತು, ಅತ್ತೆಗೆ ಎರಡನೆಯ ಕಾದಂಬರಿ ಬಂತು. ಈಗ ಮಧ್ಯಾಹ್ನದ ಪಾಳಿಯ ದಿನಗಳಲ್ಲಿ ಬೆಳಿಗ್ಗೆ ಧ್ವನಿಮುದ್ರಣಕ್ಕೆ ಸದ್ದಾಗದಂತೆ ಗಡಿಯಾರದ ಬ್ಯಾಟರಿ ತೆಗೆಯುವುದು, ಫ್ರಿಜ್ ಆರಿಸುವುದು, ಮರೆಯದೆ ಮತ್ತೆ ಹಾಕುವುದು ನನ್ನ ಜವಾಬ್ದಾರಿ.

ಮೊನ್ನೆ ಎರಡನೆಯ ಕಾದಂಬರಿಯ ಮೊದಲ ದಿನ. ಅತ್ತೆ ಬೀರುವಿನೊಳಗೆ ಕೂತು ಗಂಟಲು ಸರಿಮಾಡಿಕೊಂಡರು. ಬಾಗಿಲು ಹಿಡಿದು ನಿಂತ ನಾನು, ವಿರಾಮದ ಅವಧಿಗೂ ಕೇಳುಗನ ನಿರೀಕ್ಷೆಗೂ ಇರುವ ಸಂಬಂಧವನ್ನು ಮೂರು ಅಂಶಗಳಲ್ಲಿ, ಉಪಅಂಶಗಳ ಸಹಿತ, ಉದಾಹರಣೆಗಳೊಂದಿಗೆ ವಿವರಿಸಲು ಶುರುಮಾಡಿದೆ. ಅತ್ತೆ ತಾಳ್ಮೆಯಿಂದ ಕೇಳಿದರು. ಮೊದಲನೆಯ ಅಂಶ ಮುಗಿಯಿತು. ಎರಡನೆಯದರ ಮೊದಲ ಉಪಅಂಶವೂ ಮುಗಿಯಿತು.

ಆಗ ಅತ್ತೆ ಕಂಬಳಿ ಸರಿಸಿ ಮಗಳನ್ನು ಕರೆದರು. ಬಹಳ ಗಂಭೀರವಾಗಿ, ಒಂದೊಂದೇ ಪದವನ್ನು ಒರೆಸಿ ಇಡುತ್ತ ಕೇಳಿದರು:

"ಇವರನ್ನ... ಒಂದೂವರೆ ವೇಗಕ್ಕೆ ಇಡೋ ಗುಂಡಿ... ಎಲ್ಲಿದೆ?"