ಲಾರಿಗೊಂದು ಅಭ್ಯಂಜನ

ಹೆಂಡತಿ ದೇವಿಯಾದರೆ ಗಂಡನ ಗತಿ ಏನಾಗುತ್ತದೆ ಎಂಬುದನ್ನು ಅನುಭವಿಸಿಯೇ ತಿಳಿಯಬೇಕು. ನರಹರಿ ಎಂಬ ಹೆಸರಿನ ನಾನು, ಕೇಂದ್ರ ಸರ್ಕಾರದ ಗೆಜೆಟೆಡ್ ಆಫೀಸರ್ (ಕಚೇರಿಯಲ್ಲಿ ಮಾತ್ರ), ಅದನ್ನು ಚೆನ್ನಾಗಿಯೇ ಅನುಭವಿಸಿದೆ.

ಸುವರ್ಣ ಕರ್ನಾಟಕದ ವರ್ಷ ಅದು. ಸಾಲ್ಟ್ ಲೇಕಿನ ಕಂಪ್ಯೂಟರ್ ಹುಡುಗರೆಲ್ಲ ಬಂಗಾಳದ ನಮ್ಮ ಕನ್ನಡ ಸಂಘಕ್ಕೆ ಸೇರಿ, ರಾಜ್ಯೋತ್ಸವಕ್ಕೆ ಸದರ್ನ್ ಅವೆನ್ಯೂನಲ್ಲಿ ಮೆರವಣಿಗೆ ಆಗಲೇಬೇಕೆಂದು ಹಟ ಹಿಡಿದರು. ಲಾರಿಯ ಮೇಲೆ ತಾಯಿ ಭುವನೇಶ್ವರಿ! ಆ ಪಾತ್ರಕ್ಕಾಗಿ ಸಂಘದ ವಸಂತಾ ಅವರೊಡನೆ ಘೋರ ಸಮರ ನಡೆಸಿ ಗೆದ್ದವಳು ನನ್ನ ಹೆಂಡತಿ ವಿಶಾಲಾಕ್ಷಿ. ಲಾರಿ ಕೊಟ್ಟವರು ಧಾರವಾಡದ ಕಲ್ಲಪ್ಪ. ಸಿಯಾಲ್ದಾ ಮಾರುಕಟ್ಟೆಗೆ ತರಕಾರಿ ಹೊತ್ತು ಹೊತ್ತು ಮುಪ್ಪಾದ ಲಾರಿ.

ಹಿಂದಿನ ಸಂಜೆ ಅದು ಟಾಲಿಗಂಜಿನ ನಮ್ಮ ಮನೆ ಮುಂದೆ ಬಂದು ನಿಂತಿತು. ವಿಶಾಲಾಕ್ಷಿ ಬಗ್ಗಿ ನೋಡಿ ಚೀರಿದಳು.

“ಅಯ್ಯಯ್ಯೋ! ಏನ್ರೀ ಇದು, ಅಡೀಲಿ ಜಿಡ್ಡು ಗಡ್ಡದ ಹಾಗೆ ಜೋತಾಡ್ತಿದೆ?”

“ನೀನು ಕೂರೋದು ಮೇಲೆ. ಅಡಿ ಯಾರು ನೋಡ್ತಾರೆ?”

“ವಸಂತಾ ನೋಡ್ತಾಳೆ! ಬಗ್ಗಿ ನೋಡಿ ಸಂಘಕ್ಕೆಲ್ಲ ಸಾರ್ತಾಳೆ. ಇದು ಹೀಗೇ ಇದ್ರೆ ನಾನು ಹತ್ತೋಲ್ಲ.”

ದೇವಿ ಮುನಿದರೆ ಸಂಘದ ಮಾನ ಹೋಗುತ್ತದೆ, ನನ್ನ ಊಟವೂ ಹೋಗುತ್ತದೆ. ಬೆಳಗಾಗುತ್ತಲೇ ಹಳೇ ಬನಿಯನ್ ತೊಟ್ಟು ಲಾರಿಯಡಿ ಪಾತಾಳಪ್ರವೇಶ ಮಾಡಿದೆ. ಆಯಿಲ್, ಗ್ರೀಸ್, ಧೂಳು, ಯಾವ ಕಾಲದ್ದೋ ಎಲೆಕೋಸಿನ ಎಲೆ ಎಲ್ಲ ಸೇರಿ ಹೆಪ್ಪುಗಟ್ಟಿತ್ತು. ಸೀಮೆಎಣ್ಣೆ ಸವರಿ ದೋಸೆ ಮಗುಚುವ ಕೈಯಿಂದ ಕೆರೆದೆ. ಕೆರೆದದ್ದೆಲ್ಲ ನನ್ನ ಮುಖಕ್ಕೇ ಬಿತ್ತು. ಆಗ ಹೊಳೆಯಿತು: ಹರಳೆಣ್ಣೆಯ ಜಿಡ್ಡನ್ನೇ ಬಿಡಿಸುವ ಸೀಗೆಪುಡಿ ಮನೆಯಲ್ಲಿರುವಾಗ ಚಿಂತೆ ಏಕೆ? ಮೈಸೂರಿನಿಂದ ಅತ್ತೆ ಕಳಿಸಿದ್ದ ಡಬ್ಬವನ್ನು ಪೂರ್ತಿ ಬಿಸಿನೀರಿಗೆ ಸುರಿದು, ಲಾರಿಗೆ ಶಾಸ್ತ್ರೋಕ್ತವಾಗಿ ತಲೆ ತಿಕ್ಕಿದೆ (ಲಾರಿಗೆ ತಲೆ ಎಲ್ಲಿದೆ ಎಂದು ಕೇಳಬೇಡಿ). ಅಡಿಭಾಗ ಫಳಫಳ ಎಂದಿತು.

ಕಲ್ಲಪ್ಪ ಬಂದು ಲಾರಿ ಸ್ಟಾರ್ಟ್ ಮಾಡಿದರು. ಇಂಜಿನ್ನಿನ ಆಯಿಲ್ ಚೇಂಬರಿನಿಂದ ಕರೀ ಧಾರೆ ಸುರಿಯತೊಡಗಿತು! ನೋಡನೋಡುತ್ತಿದ್ದಂತೆ ಬೀದಿಯಲ್ಲೊಂದು ಮಡುವೇ ನಿಂತಿತು. ಕಲ್ಲಪ್ಪ ಇಂಜಿನ್ ಆರಿಸಿ ಕೆಳಗೆ ಹಾರಿದರು.

“ಅಲ್ರೀ ಸಾಹೇಬ್ರ, ಆ ಜಿಡ್ಡ ಯಾಕ ತಗದ್ರಿ? ಚೇಂಬರ್ ಸೀಳಿ ಎಷ್ಟೋ ವರ್ಷ ಆತು. ಜಿಡ್ಡ ಮೆತ್ಕೊಂಡು ಅದನ್ನ ಮುಚ್ಚಿತ್ರೀ. ಅದರ ಮ್ಯಾಲ ನಡದಿತ್ತು ನಮ್ಮ ಗಾಡಿ!”

ಕಿರೀಟ, ರೇಷ್ಮೆ ಸೀರೆ ಸಮೇತ ವಿಶಾಲಾಕ್ಷಿ ಹೊರಗೆ ಬಂದಳು. ನಿಂತ ಲಾರಿ ನೋಡಿದಳು, ನನ್ನನ್ನು ನೋಡಿದಳು, ಕೊನೆಗೆ ಸೀಗೆಪುಡಿಯ ಖಾಲಿ ಡಬ್ಬ ನೋಡಿದಳು.

“ಇವತ್ತು ನಾನು ಮೆರವಣಿಗೇಲಿ ಇಲ್ದೆ ಹೋದ್ರೆ, ನೀವು ಈ ಮನೇಲಿ ಇರೋಲ್ಲ.”

ಓಡಿದೆ. ಇಡೀ ಟಾಲಿಗಂಜಿನಲ್ಲಿ ನನಗೆ ಸಿಕ್ಕಿದ್ದು ಮೀನು ಸಾಗಿಸುವ ಒಂದು ಸೈಕಲ್ ವ್ಯಾನ್ (ಹಲಗೆ ಹೊದಿಸಿದ ಮೂರು ಗಾಲಿಯ ಸೈಕಲ್). ಮೈಗೆ ಸೋಪು ಹಚ್ಚಿದರೆ ಜಿಡ್ಡು ಹರಡಿಕೊಂಡು, ಉಳಿದಿದ್ದ ಜಾಗವೂ ಕಪ್ಪಾಯಿತು. ಸೀಗೆಪುಡಿಯೋ, ಚಿಟಿಕೆಯೂ ಇಲ್ಲ. ಹಾಗೇ ಹೊರಟೆ. ದೇವಿಯ ಭಾರಕ್ಕೆ ವ್ಯಾನಿನವನು ಒಬ್ಬನೇ ತುಳಿಯಲಾರೆನೆಂದ. ಹಿಂದಿನಿಂದ ತಳ್ಳುವ ಭಾಗ್ಯ ನನ್ನದಾಯಿತು.

ಸದರ್ನ್ ಅವೆನ್ಯೂನಲ್ಲಿ ಜನ ಕಿಕ್ಕಿರಿದಿದ್ದರು. ಮುಂದೆ ದೇವಿ, ಹಿಂದೆ ಏದುಸಿರು ಬಿಡುವ ಕರೀ ಆಕೃತಿ. ದುರ್ಗಾಪೂಜೆ ನೋಡಿ ಪಳಗಿದ ಬಂಗಾಳಿಗಳಿಗೆ ಅನುಮಾನವೇ ಬರಲಿಲ್ಲ. “ಓಶುರ್! ಓಶುರ್!” ಎಂದು ಚಪ್ಪಾಳೆ ತಟ್ಟಿದರು. ನಾನು ಅಸುರನಂತೆ! ನಮ್ಮ ಕಂಪ್ಯೂಟರ್ ಹುಡುಗರು ದೇವಿಯನ್ನು ಬಿಟ್ಟು ನನ್ನತ್ತ ಡಿಜಿಟಲ್ ಕ್ಯಾಮೆರಾ ತಿರುಗಿಸಿದರು. ವಸಂತಾ ಅವರಂತೂ ನಕ್ಕು ನಕ್ಕು ಫುಟ್‌ಪಾತಿನಲ್ಲೇ ಕುಳಿತುಬಿಟ್ಟರು.

ವಯಸ್ಸಾದ ಬಂಗಾಳಿ ಮಹಿಳೆಯೊಬ್ಬರು ವ್ಯಾನಿನ ಬಳಿ ಬಂದು “ದಾರುಣ್!” ಎಂದರು (ಅವರ ಭಾಷೆಯಲ್ಲಿ ಅದ್ಭುತ ಎಂದರ್ಥ, ನನಗೆ ಕನ್ನಡದ ಅರ್ಥವೇ ಸರಿ ಎನಿಸಿತು). ಆಮೇಲೆ ಹಿಂದಿಯಲ್ಲಿ, ಇಷ್ಟು ಒಳ್ಳೆಯ ನಟನನ್ನು ಎಲ್ಲಿಂದ ಕರೆಸಿದಿರಿ ಎಂದು ದೇವಿಯನ್ನು ಕೇಳಿದರು.

ಈಗಲಾದರೂ ಅಭಿಮಾನದಿಂದ ನನ್ನ ಪರಿಚಯ ಮಾಡಿಸುತ್ತಾಳೆಂದು ನಾನು ಕರೀ ಮುಖದಲ್ಲಿ ಹಲ್ಲು ಕಿರಿದು ನಿಂತೆ. ವಿಶಾಲಾಕ್ಷಿ ಅಭಯಹಸ್ತ ಇಳಿಸದೆ, ತನ್ನ ಹರಕು ಹಿಂದಿಯಲ್ಲಿ ಹೇಳಿದ್ದು ಇಷ್ಟು:

“ನಟ ಅಲ್ಲ ದೀದಿ, ಲಾರಿ ಕಡೆಯವನು. ನಮ್ಮನೆಯವರು ದೊಡ್ಡ ಆಫೀಸರು, ಇವತ್ತು ಬಂದಿಲ್ಲ.”